ಒಂದೇ ಜೊತೆ ಕಣ್ಣು

ಸತ್ತವರ ಕಣ್ಣು ತೆರೆಸುವುದು ನನ್ನ ಕಸುಬಾಗಿತ್ತು. ಹೀಗೆಂದರೆ ಈಗಿನ ಹುಡುಗರು ನಗುತ್ತಾರೆ, ಇಲ್ಲವೆ ಸ್ವಲ್ಪ ಹಿಂದೆ ಸರಿದು ಕೂಡುತ್ತಾರೆ. ಆದ್ದರಿಂದ ಅದೇನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗಂಡಸಾದರೆ ತಲೆಗೆ ರುಮಾಲು ಸುತ್ತಿ, ಹೆಂಗಸಾದರೆ ಒಳ್ಳೆಯ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರುವ ಜನ ಐವತ್ತರ ದಶಕದಲ್ಲಿ ಬೇಕಾದಷ್ಟಿದ್ದರು. ಹೀಗಾಗಿ ಕೂಡಿಸಿದ ಮೇಲೇ ಕ್ಯಾಮೆರಾದವನಿಗೆ ಹೇಳಿಕಳಿಸುತ್ತಿದ್ದರು. ಎಷ್ಟೋ ಜನರ ಮೊದಲ ಫೋಟೋ ಅದೇ, ಕೊನೆಯದೂ ಅದೇ. ಆದರೆ ಮುಚ್ಚಿದ ಕಣ್ಣಿನ ಫೋಟೋ ಗೋಡೆಗೆ ಹಾಕಲು ಯಾರಿಗೆ ಮನಸ್ಸಾದೀತು? "ಮಾಸ್ತರ್ರ, ಕಣ್ಣೊಂದು ತೆರಸಿ ಕೊಡ್ರಿ" ಅನ್ನುತ್ತಿದ್ದರು. ನಾನು ಸಣ್ಣ ಕುಂಚ ಹಿಡಿದು, ಚಿತ್ರದಲ್ಲಿ ಮುಚ್ಚಿಕೊಂಡಿದ್ದ ರೆಪ್ಪೆಯ ಮೇಲೆ ಬಿಳಿ ಮತ್ತು ಕರಿ ಬಣ್ಣದಿಂದ ಕಣ್ಣು ಬರೆದು ಕೊಡುತ್ತಿದ್ದೆ.

ಗಜೇಂದ್ರಗಡದ ಪೇಟೆಯಲ್ಲಿ ನನ್ನ ಅಂಗಡಿ, ಅದರ ಹಿಂದೆಯೇ ಮನೆ. ಸೂಡಿ, ರೋಣ, ಯಾವಗಲ್, ಅತ್ತ ನರಗುಂದದವರೆಗೂ ಜನ ನನ್ನನ್ನು ಕರೆಸುತ್ತಿದ್ದರು. "ಕಣ್ಣ ತೆರಸೋ ಮಾಸ್ತರು" ಎಂದರೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು. ಆ ಜಾಗದಲ್ಲಿ ನಾನು ಒಮ್ಮೆಯೂ ನೆಟ್ಟಗೆ ಕೂತವನಲ್ಲ. ಯಾಕೆಂದರೆ ನಾನು ಮಾಸ್ತರನಲ್ಲ ಎಂಬುದು ನನಗೆ ಗೊತ್ತಿತ್ತು.

ಗದಗಿನ ಒಂದು ಸ್ಟುಡಿಯೋದಲ್ಲಿ ನಾನು ಕೆಲಸಕ್ಕಿದ್ದದ್ದು ನಿಜ. ಕೆಲಸವೆಂದರೆ ಫೋಟೋ ಮೂಡಿಸುವ ಔಷಧದ ತಟ್ಟೆ ತೊಳೆಯುವುದು, ನೀರು ತುಂಬುವುದು, ಗಾಜಿನ ಪ್ಲೇಟು ಒರೆಸುವುದು. ಯಜಮಾನರು ಕಣ್ಣು ಬರೆಯಲು ಕೂತಾಗ ಹಿಂದೆ ನಿಂತು ನೋಡುತ್ತಿದ್ದೆ. ಅವರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಕಲಿಸಿದವರಲ್ಲ, "ಇನ್ನ ನೀ ಕಲತಿ, ಹೋಗು" ಎಂದವರೂ ಅಲ್ಲ. ಅಪ್ಪ ಹಾಸಿಗೆ ಹಿಡಿದನೆಂದು ಊರಿಗೆ ಬಂದವನು ತಿರುಗಿ ಹೋಗಲಾಗಲಿಲ್ಲ. ಹಳೆಯದೊಂದು ಕ್ಯಾಮೆರಾ ಹೊಂದಿಸಿಕೊಂಡು ಅಂಗಡಿ ಇಟ್ಟೆ. ಬೋರ್ಡು ತೂಗುಹಾಕಿದ ದಿನ ಬೀದಿಗೆ ಇಳಿದು ಅದನ್ನೊಮ್ಮೆ ನೋಡಿದೆ, ಒಳಗೆ ಹೋಗಿ ಕದ ಹಾಕಿಕೊಂಡೆ. ನಿನಗೆ ಈ ಕೆಲಸ ಯಾರು ಕಲಿಸಿದರೋ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಯಾರೂ ಕೇಳಲಿಲ್ಲ. ಕೇಳಿದ್ದರೆ ಅಂದೇ ಬಗೆಹರಿದು ಹೋಗುತ್ತಿತ್ತು.

ಇನ್ನೊಂದು ಸಂಗತಿ ಇದೆ. ನನಗೆ ಬರೆಯಲು ಬರುತ್ತಿದ್ದದ್ದು ಒಂದೇ ಜೊತೆ ಕಣ್ಣು. ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವಿಯ ಚಿತ್ರ ನೋಡಿ ನೋಡಿ ಅದನ್ನು ಕೈಗೆ ಹತ್ತಿಸಿಕೊಂಡಿದ್ದೆ. ದೊಡ್ಡ ಕಣ್ಣು, ದುಂಡಗಿನ ಗುಡ್ಡೆ, ಅದರೊಳಗೆ ಬೆಳಕಿನ ಒಂದು ಚುಕ್ಕೆ. ಮುದುಕರಿಗಾದರೆ ಕೆಳಗೊಂದು ಗೆರೆ ಎಳೆಯುತ್ತಿದ್ದೆ, ಗಂಡಸರಿಗೆ ಹುಬ್ಬು ದಪ್ಪ ಮಾಡುತ್ತಿದ್ದೆ. ಉಳಿದದ್ದೆಲ್ಲ ಅದೇ. ನರಗುಂದದ ಗೌಡರೂ ಸೂಡಿಯ ಕಂಬಾರರೂ ಯಾವಗಲ್ಲಿನ ಬಾಣಂತಿಯೂ ನನ್ನ ದಯೆಯಿಂದ ಒಡಹುಟ್ಟಿದವರಾಗಿ ಗೋಡೆಯ ಮೇಲೆ ಕೂತಿದ್ದರು. ಇವರ ಮನೆಯವರು ಎಲ್ಲಿಯಾದರೂ ಬೀಗರಾಗಿ, ಒಬ್ಬರ ಪಡಸಾಲೆಯಲ್ಲಿ ಒಬ್ಬರು ಕೂತು ಗೋಡೆ ನೋಡಿದರೆ ನನ್ನ ಗತಿ ಏನೆಂದು ಯೋಚಿಸಿ ಬೆವರುತ್ತಿದ್ದೆ. ಅಷ್ಟಾದರೂ ಜನ ಚಿತ್ರ ನೋಡಿದ ಕೂಡಲೇ "ಥೇಟ್ ನಮ್ಮಪ್ಪ" ಎಂದು ಸೆರಗು, ಶಲ್ಯೆಗಳಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರ ಅಳು ಖರೆ ಇತ್ತು, ನನ್ನ ಕಣ್ಣು ಸುಳ್ಳಿತ್ತು. ಅದಕ್ಕೇ ಅವರು ಕೈ ಮುಗಿದಾಗಲೆಲ್ಲ ನನಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಬರೆದ ಚಿತ್ರಗಳನ್ನು ಒಣಗಲೆಂದು ಮನೆಯ ಪಡಸಾಲೆಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದೆ. ನನ್ನ ಹೆಂಡತಿ ಭಾರಿ ಸಂಕೋಚದ ಹೆಣ್ಣು. ಬೀದಿಯಲ್ಲಿ ಹಿರಿಯರ ಕೆಮ್ಮು ಕೇಳಿದರೆ ಸಾಕು, ಸೆರಗು ತಲೆಯ ಮೇಲೆ ಬರುತ್ತಿತ್ತು. ಆದರೆ ಅಷ್ಟೊಂದು ರುಮಾಲಿನ ಹಿರಿಯರ ಎದುರು ಆಕೆ ತಲೆ ಬಿಚ್ಚಿಕೊಂಡು ಕೂತು ಎಣ್ಣೆ ಹಚ್ಚಿ ಬಾಚಿಕೊಳ್ಳುತ್ತಿದ್ದಳು. ಒಂದು ದಿನ ತಮಾಷೆಗೆಂದು, "ಇಷ್ಟು ಮಂದಿ ಹಿರ್ಯಾರು ನೋಡಾಕತ್ತಾರ, ನಾಚಿಕಿ ಬರೂದಿಲ್ಲೇನು ನಿನಗ?" ಎಂದೆ.

ಆಕೆ ಬಾಯಲ್ಲಿ ಕಚ್ಚಿದ್ದ ಚೌರಿಯನ್ನು ಕೈಗೆ ತಗೊಂಡು ಹಲಗೆಯ ಕಡೆ ನೋಡಿದಳು. "ಎಲ್ಲಿ ನೋಡತಾರ್ರೀ? ಅವು ಬರೇ ಕಣ್ಣು" ಎಂದು ನಕ್ಕಳು.

ನಾನೂ ನಕ್ಕೆ. ಆದರೆ ಅಂದು ಊಟ ಸೇರಲಿಲ್ಲ.

ರೋಣದಲ್ಲಿ ಹತ್ತಿಯ ಅಡತಿ ವ್ಯಾಪಾರದ ದೊಡ್ಡ ಮನೆತನವೊಂದಿತ್ತು. ಆ ಮನೆಯ ಹಿರಿಯಾಕೆ ತೀರಿಕೊಂಡಾಗ ನನ್ನನ್ನು ಕರೆತರಲು ಮೋಟಾರು ಕಳಿಸಿದರು. ಹೋಗಿ ನೋಡಿದರೆ ಪಡಸಾಲೆ ತುಂಬ ಜನ, ಭಜನೆ ನಡೆದಿತ್ತು. ಹಣೆ ತುಂಬ ಕುಂಕುಮ, ಹಸಿರು ಸೀರೆ, ಮುತ್ತೈದೆಯಾಗಿ ಹೋದ ಹಿರಿಯಾಕೆ. ಆಕೆಯ ಗಂಡ ಚಳಿಜ್ವರದಿಂದ ಒಳಕೋಣೆಯಲ್ಲಿ ಮಲಗಿದ್ದರು, ನಾನು ಅವರನ್ನು ಕಾಣಲಿಲ್ಲ. ಫೋಟೋ ತೆಗೆದ ಮೇಲೆ ರೂಢಿಯಂತೆ ಹಿರಿಯ ಮಗನನ್ನು, "ಅವ್ವಾರ ಕಣ್ಣು ಹ್ಯಾಂಗಿದ್ದುವ್ರಿ?" ಎಂದು ಕೇಳಿದೆ.

"ದೇವಿ ಕಣ್ಣಿದ್ದಾಂಗ ಇದ್ದುವ್ರಿ" ಎಂದ ಆತ.

ಎಲ್ಲ ಮನೆಯಲ್ಲೂ ಇದೇ ಉತ್ತರ. ಹೆಣವನ್ನು ಎದುರಿಗೆ ಕೂಡಿಸಿಕೊಂಡು ಬೇರೆ ಇನ್ನೇನು ಹೇಳಿಯಾರು? ಸಣ್ಣವೋ ದೊಡ್ಡವೋ, ಗುಳಿ ಬಿದ್ದಿದ್ದವೋ ಎಂದು ಇನ್ನೂ ನಾಲ್ಕು ಮಾತು ಕೆದಕಿ ಕೇಳಬಹುದಿತ್ತು. ನಾನು ಕೇಳುತ್ತಿರಲಿಲ್ಲ. ಹೆಚ್ಚು ಕೇಳಿದರೆ ಇವನಿಗೆ ಬರುವುದಿಲ್ಲ ಎಂದು ತಿಳಿದುಬಿಡುತ್ತದಲ್ಲ! ಬಲ್ಲವನ ಹಾಗೆ ತಲೆಯಾಡಿಸಿ ಬಂದುಬಿಟ್ಟೆ.

ವರ್ಷದ ದಿನಕ್ಕೆಂದು ಗದಗಿಗೆ ಕಳಿಸಿ ಫೋಟೋ ದೊಡ್ಡದು ಮಾಡಿಸಿ ತಂದೆ, ಅದಕ್ಕೆ ಕಣ್ಣು ಬರೆದೆ. ಅಷ್ಟು ದೊಡ್ಡ ಚಿತ್ರಕ್ಕೆ ನಾನು ಕುಂಚ ಇಟ್ಟದ್ದು ಅದೇ ಮೊದಲು. ಆ ದಿನ ಅವರ ಪಡಸಾಲೆಯಲ್ಲಿ ಅದರ ಮೇಲಿನ ಅರಿವೆ ಸರಿಸಿದ ಕೂಡಲೇ ಹೆಂಗಸರು ಗೊಳೋ ಎಂದು ಅತ್ತರು. ಹಿರಿಯ ಮಗ ನನ್ನನ್ನು ಚಾಪೆಯ ಮೇಲೆ ನಡುವೆ ಕೂಡಿಸಿ, ತಲೆಗೆ ಹೊಸ ರುಮಾಲು ಸುತ್ತಿ, ಕೈಯಲ್ಲಿ ಕಾಯಿ ಕೊಟ್ಟು ಆಹೇರಿಯ ಮರ್ಯಾದೆ ಮಾಡಿದ. "ಜೀವಾ ತುಂಬೂ ಕೈ ರೀ ಇದು" ಎಂದು ನೆರೆದವರಿಗೆಲ್ಲ ನನ್ನ ಬಲಗೈ ಎತ್ತಿ ತೋರಿಸಿದ. ಆ ಕೈ ಒದ್ದೆಯಾಗಿತ್ತು.

ಆಗ ಮೂಲೆಯಲ್ಲಿ ಗೋಡೆಗಾನಿಕೊಂಡು ಕೂತಿದ್ದ ಮುದುಕರೊಬ್ಬರು ಕೋಲೂರಿ ಎದ್ದರು. ತೀರಿಕೊಂಡಾಕೆಯ ಗಂಡ ಅವರೇ ಎಂದು ಜನ ದಾರಿ ಬಿಟ್ಟದ್ದರಿಂದ ಗೊತ್ತಾಯಿತು. ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ ತಿರುಗಿ, "ಭಾಳ ಚಲೋ ಐತಿ. ಯಾರಿದು?" ಎಂದರು.

"ಯಪ್ಪಾ, ಅವ್ವ ಅಲ್ಲೇನು!" ಎಂದ ಮಗ. ಯಾರೋ, "ವಯಸ್ಸಾತು, ಕಣ್ಣು ಮಂಜು" ಎಂದರು. ಒಂದಿಬ್ಬರು ಮೆಲ್ಲಗೆ ನಕ್ಕರು. ಮುದುಕರು ತಿರುಗಿ ಹೋಗಿ ತಮ್ಮ ಜಾಗದಲ್ಲಿ ಕೂತರು. ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಿತು. ಇಷ್ಟು ವರ್ಷ ಹೆದರುತ್ತಿದ್ದ ಮಾತು ಕೊನೆಗೂ ಬಂದಿತ್ತು, ಅದೂ ತಲೆಯ ಮೇಲೆ ರುಮಾಲು ಇದ್ದಾಗಲೇ. ನೆಲ ಬಾಯಿ ಬಿಡಬಾರದೇ ಅನಿಸಿತು. ಹೋಳಿಗೆ ಬಡಿಸಿದರು. ಏನು ತಿಂದೆನೋ ನೆನಪಿಲ್ಲ. ಊರ ಹೊರಗೆ ಬಂದ ಮೇಲೆ ರುಮಾಲು ಬಿಚ್ಚಿ ಚೀಲದಲ್ಲಿ ತುರುಕಿದೆ.

ಅಂಗಡಿ ಮುಚ್ಚಿಬಿಡುವುದೆಂದು ಮನಸ್ಸು ಮಾಡಿದೆ. ನೇಯುವ ಮಗ್ಗಕ್ಕೆ ಹೋದರೂ ಆಯಿತು, ಅಲ್ಲಿ ನೆಯ್ದದ್ದು ಸೀರೆಯಾದರೂ ಆಗುತ್ತದೆ. ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಆಕೆ, "ಯಾರಿದು ಅಂದ್ರ ಆ ಅಜ್ಜಾರು. ಹಂಗಾರ ಆಕಿ ಹ್ಯಾಂಗಿದ್ಲು ಅಂತ ಹೋಗಿ ಅವರನ್ನಽ ಕೇಳ್ರಲ್ಲ" ಎಂದಳು. ಇಷ್ಟು ಸರಳ ಮಾತಿಗೆ ನನಗೆ ಸಿಟ್ಟು ಬಂತು. ಕೇಳುವುದೇ ಅಲ್ಲವೇ ನನಗೆ ಆಗದ ಕೆಲಸ!

ಕೊನೆಗೆ ಚೌಕಟ್ಟು ಸಡಿಲಾಗಿದೆಯೋ ನೋಡಬೇಕೆಂಬ ನೆಪ ಮಾಡಿಕೊಂಡು ರೋಣಕ್ಕೆ ಹೋದೆ. ಮಕ್ಕಳು ಅಡತಿ ಅಂಗಡಿಗೆ ಹೋಗಿದ್ದರು. ಮುದುಕರು ಕಟ್ಟೆಯ ಮೇಲೆ ಒಬ್ಬರೇ ಕೂತು ಅಡಿಕೆ ಕತ್ತರಿಸುತ್ತಿದ್ದರು. "ಬಾ ತಮ್ಮಾ. ನೀ ಬರತಿ ಅಂತ ಗೊತ್ತಿತ್ತು" ಎಂದರು.

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಆಕಿಗೆ ಮೆಳ್ಳಗಣ್ಣಿತ್ತು. ನಮ್ಮ ಹುಡುಗ್ರು ಹೇಳಲಿಲ್ಲೇನು?"

"ಇಲ್ರಿ, ಅಜ್ಜಾರ."

"ಹ್ಯಾಂಗ ಹೇಳ್ಯಾರು ಬಿಡು. ಸತ್ತ ತಾಯಿ ಕುಂದು ಯಾರು ಎತ್ತಿ ಆಡತಾರ." ಅಡಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. "ನೀ ಯಾಕ ಕೇಳಲಿಲ್ಲ?"

ಸುಳ್ಳು ಹುಡುಕಿದೆ, ಸಿಗಲಿಲ್ಲ. "ನನಗ ಬರೂದಿಲ್ರಿ, ಅಜ್ಜಾರ" ಎಂದುಬಿಟ್ಟೆ. "ನಾ ಕಲತಾಂವಲ್ಲ. ತಟ್ಟಿ ತೊಳಿತಿದ್ದೆ. ನನಗ ಬರೂದು ಒಂದಽ ಜೋಡಿ ಕಣ್ಣು. ಎಲ್ಲಾರಿಗೂ ಅದನ್ನಽ ಹಚ್ಚೇನಿ."

"ಎಲ್ಲಾರಿಗೂ?"

"ಹೌದ್ರಿ. ನರಗುಂದದ ಗೌಡ್ರಿಗೂ."

ಮುದುಕರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಕ್ಕು ಕೆಮ್ಮು ಬಂತು, ಕೆಮ್ಮಿ ಕಣ್ಣಲ್ಲಿ ನೀರು ಬಂತು. "ಅಂದ್ರ ಇಷ್ಟು ದಿನಾ ನನ್ನ ಹೇಣ್ತಿ ಕಣ್ಣಾಗಿಂದ ನರಗುಂದದ ಗೌಡ ನನ್ನ ನೋಡತಿದ್ನೇನೋ!" ಎಂದರು.

ಅವರು ನಕ್ಕರೆಂದು ನನ್ನ ನಾಚಿಕೆ ಹೋಯಿತೆಂದು ತಿಳಿಯಬೇಡಿ. ಬೈದಿದ್ದರೆ ತಲೆ ತಗ್ಗಿಸಿ ಎದ್ದು ಬರಬಹುದಿತ್ತು. ನಗುವ ಮನುಷ್ಯನ ಎದುರು ಕೂತೇ ಇರಬೇಕಾಯಿತು.

ನಗು ನಿಂತ ಮೇಲೆ ಅವರು ಹೇಳಿದರು: "ಮದಿವ್ಯಾದ ಹೊಸದರಾಗ ನನಗೂ ತಿಳೀತಿರಲಿಲ್ಲ. ನನ್ನ ಜೋಡಿ ಮಾತಾಡೂ ಮುಂದ ಬಾಜೂದ ಕಂಬಾ ನೋಡಿದಾಂಗ ಕಾಣತಿತ್ತು. ಬರಬರತಾ ತಿಳೀತು, ಆಕಿ ನನ್ನಽ ನೋಡತಾಳಂತ. ಈಗ ನೀ ಬರದದ್ದು ನೆಟ್ಟಗ ನನ್ನ ಮಾರೀನಽ ನೋಡತೈತಿ. ಖರೇ ಹೇಳ್ತೇನಿ, ಯಾರದೋ ಹೆಂಗಸಿನ ಮುಂದ ಕುಂತಾಂಗ ಆಗತೈತಿ ನನಗ."

ಅವರಿಗೆ ಬೇಕಾದದ್ದು ಒಂದು ಸಣ್ಣ ಚಿತ್ರ. ತಮ್ಮ ಕೋಣೆಯ ಗೋಡೆಯ ಮಾಡದಲ್ಲಿ ಇಟ್ಟುಕೊಳ್ಳಲು, ಮೆಳ್ಳಗಣ್ಣು ಇದ್ದ ಹಾಗೇ. ಮಕ್ಕಳ ಜೊತೆ ಜಗಳ ಬೇಡ, ಪಡಸಾಲೆಯದು ಹಾಗೇ ಇರಲಿ ಎಂದರು. ನನಗೆ ಆಗುವುದಿಲ್ಲ ಎಂದೆ. "ನಾ ಹೇಳ್ತೇನಿ, ನೀ ಬರಿ. ತಪ್ಪಾದ್ರ ಒರಸು" ಎಂದರು. ಒರೆಸಬಹುದು ಎಂದು ಆವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಕೆಲವು ತಿಂಗಳು ನಾನು ರೋಣದ ಕಡೆ ಹೋದಾಗಲೆಲ್ಲ ಆ ಕಟ್ಟೆಗೆ ಹೋಗಿ ಕೂಡುತ್ತಿದ್ದೆ. ಅವರು ಹೇಳುವರು, ನಾನು ಬರೆಯುವೆ. "ಇನ್ನೊಂಚೂರು ಹೊರಗ. ಅಷ್ಟಲ್ಲೋ, ಕಳ್ಳಿ ಹಾಂಗ ಕಾಣತಾಳ." ಒದ್ದೆ ಅರಿವೆಯಿಂದ ಒರೆಸುವೆ, ಮತ್ತೆ ಬರೆಯುವೆ. ತೋರಿಸಲೆಂದು ಅವರೇ ಒಮ್ಮೊಮ್ಮೆ ಹೆಂಡತಿಯ ಹಾಗೆ ನೋಡಿ ತೋರಿಸುತ್ತಿದ್ದರು, ಇಬ್ಬರೂ ನಗುತ್ತಿದ್ದೆವು. ಹೀಗೆ ಆಕೆಯ ಕಣ್ಣು ಹುಡುಕುತ್ತ ನಾನು ನೋಡಿದ್ದೆಲ್ಲ ಅವರ ಕಣ್ಣನ್ನೇ. ಸಣ್ಣ ಕಣ್ಣು. ಎಡಗಡೆಯ ರೆಪ್ಪೆ ಸ್ವಲ್ಪ ಜೋತು ಬಿದ್ದದ್ದು. ಯಾವಾಗಲೂ ನೀರಾಡುತ್ತಿತ್ತು. ಎದುರಿಗಿದ್ದವನ ಬಂಡವಾಳವೆಲ್ಲ ತಿಳಿದೂ ಸುಮ್ಮನಿದ್ದೇನೆ ಎಂಬಂಥ ನೋಟ. ಅದು ನನ್ನ ಮೇಲೆ ಬಿದ್ದಾಗ ಇವರಿಗೆ ನಾನು ಪೂರಾ ಗೊತ್ತು ಎಂದು ಹಿಡಿಯಾಗುತ್ತಿದ್ದೆ. ಆದರೂ ಮತ್ತೆ ಮತ್ತೆ ಹೋಗುತ್ತಿದ್ದೆ.

ಒಂದು ಸಂಜೆ ಚಿತ್ರವನ್ನು ಕೈಯಲ್ಲಿ ಹಿಡಿದು, "ಸಾಕು. ಇನ್ನ ಮುಟ್ಟಬ್ಯಾಡ" ಎಂದರು. ಧೋತರದ ಚುಂಗಿನಲ್ಲಿ ಅದನ್ನು ಮುಚ್ಚಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಂದು ಕುಣಿಯುತ್ತ ಮನೆಗೆ ಹೋಗುತ್ತಿದ್ದರು. ನಾನು ದಾರಿಯುದ್ದಕ್ಕೂ, ಪಾಪ, ನನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಅಂದಿರಬೇಕು ಎಂದುಕೊಂಡೆ. ಹೇಳಿದವರು ಅವರು, ಬರೆದ ಕೈಯಷ್ಟೇ ನನ್ನದು ಎಂದೂ ಅಂದುಕೊಂಡೆ. ಒಳ್ಳೆಯ ಮಾತು ನನ್ನ ಹತ್ತಿರ ಬಂದರೆ ಅದರ ಕೈಕಾಲು ಮುರಿದು ಕೂಡಿಸುವುದರಲ್ಲಿ ಮಾತ್ರ ನಾನು ನಿಜವಾಗಿ ಪಳಗಿದವ.

ಮುಂದಿನ ಬೇಸಿಗೆಯಲ್ಲಿ ಮುದುಕರು ಹೋದರು. ಮೋಟಾರು ಬಂತು. ಗುಲಾಬಿ ರುಮಾಲು ಸುತ್ತಿ, ಹೆಂಡತಿಯನ್ನು ಕೂಡಿಸಿದ ಜಾಗದಲ್ಲೇ ಕೂಡಿಸಿದ್ದರು. ಕರಿ ಅರಿವೆಯೊಳಗೆ ತಲೆ ತೂರಿಸಿ ಕ್ಯಾಮೆರಾದ ಗಾಜಿನಲ್ಲಿ ಅವರನ್ನು ಕಂಡಾಗ ನನಗೆ ಅಳು ಬಂತು. ಅರಿವೆ ಇದ್ದದ್ದು ಒಳ್ಳೆಯದಾಯಿತು. ಕಣ್ಣು ಹೇಗಿದ್ದವು ಎಂದು ಅಂದು ಯಾರನ್ನೂ ಕೇಳಲಿಲ್ಲ.

ಅವರ ಚಿತ್ರಕ್ಕೆ ಕಣ್ಣು ಬರೆಯುವಾಗ ಬಾಗಿಲು ಹಾಕಿಕೊಂಡು ಕೂತೆ. ಕ್ಯಾಲೆಂಡರು ತೆಗೆದು ಒಳಗಿಟ್ಟೆ. ಬರೆದೆ, ಒರೆಸಿದೆ, ಮತ್ತೆ ಬರೆದೆ. ಸಣ್ಣ ಕಣ್ಣು, ಜೋತ ರೆಪ್ಪೆ, ನೀರು. ಆ ನೋಟ ಕೊನೆಗೊಮ್ಮೆ ಕಾಗದದಿಂದ ನನ್ನ ಮೇಲೆ ಬಿದ್ದಾಗ ಕೈಯಲ್ಲಿದ್ದ ಕುಂಚ ಕೆಳಗಿಟ್ಟೆ. ಅದೇ ಹಳೆಯ ನಾಚಿಕೆ ಆಯಿತು. ಹಾಗಾಗಿಯೇ ಸರಿ ಬಂದಿದೆ ಎಂದು ಗೊತ್ತಾಯಿತು.

ರೋಣಕ್ಕೆ ಒಯ್ದೆ. ಮಕ್ಕಳು ಮೂವರೂ ಚಿತ್ರವನ್ನು ತಾಯಿಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರು. ಯಾರೂ ಅಳಲಿಲ್ಲ. ಹಿರಿಯ ಮಗ ಗಂಟಲು ಸರಿ ಮಾಡಿಕೊಂಡ.

"ಯಾಕೋ ಹೋಲವಲ್ದರಿ, ಮಾಸ್ತರ್ರ. ಅವ್ವಂದು ನೋಡ್ರಿ, ಎಷ್ಟು ತೇಜ ಐತಿ. ಹಂಗ ಬರಬೇಕು. ಕಣ್ಣು ಒಂದೀಟು ದೊಡ್ಡು ಮಾಡ್ರಿ, ಆ ರೆಪ್ಪಿ ಎತ್ರಿ."

"ಇಲ್ರಿ. ಇವು ಅವರ ಕಣ್ಣರಿ" ಎಂದೆ.

"ನಾವು ಮಕ್ಕಳದೀವ್ರಿ. ನಮಗ ಗೊತ್ತಿಲ್ಲೇನು?" ಎಂದ ನಡುವಿನವ.

ತಿದ್ದುವುದು ಒಂದು ಗಳಿಗೆಯ ಕೆಲಸ. ಆ ದೊಡ್ಡ ಕಣ್ಣು ನಿದ್ದೆಯಲ್ಲೂ ಬರೆಯಬಲ್ಲೆ. ಬರೆದುಕೊಟ್ಟರೆ ಮತ್ತೆ ರುಮಾಲು, ಮತ್ತೆ ಹೋಳಿಗೆ. ನಾಲಿಗೆಯ ತುದಿಗೆ "ಆತ್ರಿ" ಬಂದಿತ್ತು. ಮುದುಕರು ಚಿತ್ರದೊಳಗಿಂದ ನೋಡುತ್ತಿದ್ದರು. "ನನಗ ಆಗೂದಿಲ್ರಿ" ಎಂದೆ.

"ಹಂಗಾರ ಗದಗಿನಾಗ ಮಾಡಸ್ತೇವಿ ಬಿಡ್ರಿ" ಎಂದ ಹಿರಿಯ ಮಗ. ಸಿಟ್ಟಿರಲಿಲ್ಲ, ಕೈ ಸೋತ ಕೆಲಸಗಾರನ ಮೇಲೆ ಇರುವಂಥ ಕನಿಕರ ಇತ್ತು. ಬಾಗಿಲವರೆಗೆ ಬಂದು ಕಳಿಸಿದ.

ಚಿತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. "ಯಾಕ್ರೀ ಮಾಸ್ತರ್ರ, ವಾಪಸ್ ತಂದ್ರಿ?" ಎಂದು ಕಂಡಕ್ಟರ್ ಎಲ್ಲರಿಗೂ ಕೇಳುವ ಹಾಗೆ ಕೇಳಿದ. "ಪಾಸಾಗಲಿಲ್ಲ" ಎಂದೆ. ಯಾರೋ ಲೊಚಗುಟ್ಟಿದರು. ಸೂಡಿ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ಸುಳ್ಳು ಕಣ್ಣು ಕೊಟ್ಟು ಸನ್ಮಾನ ಮಾಡಿಸಿಕೊಂಡಾಗಲೂ ನಾಚಿಕೆ, ಖರೆ ಕಣ್ಣು ಬರೆದು ಬೇಡವೆನಿಸಿಕೊಂಡಾಗಲೂ ನಾಚಿಕೆ. ಊರು ಹತ್ತಿರ ಬಂದಂತೆ ಧೈರ್ಯವೂ ಇಳಿಯುತ್ತ ಬಂತು. ಹೆತ್ತ ಮಕ್ಕಳು ಹೋಲುವುದಿಲ್ಲ ಎಂದ ಮೇಲೆ ನಾನು ಯಾವ ದೊಡ್ಡವ? ಕಟ್ಟೆಯ ಮೇಲೆ ನಾಲ್ಕು ದಿನ ಕೂತವ.

ಮನೆಗೆ ಬಂದಾಗ ಹೆಂಡತಿ ಹಿತ್ತಲಲ್ಲಿದ್ದಳು. ಟವೆಲ್ಲು ಬಿಚ್ಚಿ ಚಿತ್ರವನ್ನು ಹಲಗೆಯ ಮೇಲೆ, ಒಣಗಲು ಇಟ್ಟಿದ್ದ ಉಳಿದವರ ಸಾಲಿನಲ್ಲಿ ಆನಿಸಿಟ್ಟೆ. ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದೆ. ಆಕೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು, ಬಾಚಣಿಗೆ ಹಿಡಿದು ಪಡಸಾಲೆಗೆ ಬಂದಳು. ಆ ಮುದುಕರನ್ನು ಆಕೆ ಒಮ್ಮೆಯೂ ಕಂಡವಳಲ್ಲ.

ಹೊಸ್ತಿಲು ದಾಟಿದವಳು ಥಟ್ಟನೆ ನಿಂತಳು. ಕೈ ತಾನಾಗಿ ಹಿಂದೆ ಹೋಗಿ ಸೆರಗು ಹುಡುಕಿ ತಲೆಯ ಮೇಲೆ ಎಳೆದುಕೊಂಡಿತು.

"ಅಜ್ಜಾರು ಬಂದಾರಂತ ಒಂದ ಮಾತು ಹೇಳಬಾರದೇನ್ರೀ" ಎಂದು ಮೆಲುದನಿಯಲ್ಲಿ ನನ್ನನ್ನು ಗದರಿ, ತಲೆ ಬಾಚಿಕೊಳ್ಳಲು ಅಡಿಗೆಮನೆಗೆ ಹೋದಳು.